ಧಾಪು

ಮೂರು ಹೆಣ್ಣಾದ ಮೇಲೆ ಹುಟ್ಟಿದವಳಿಗೆ
ಧಾಪು ಎಂದು ಹೆಸರಿಟ್ಟರು.
ನಮ್ಮ ಮಾತಿನಲ್ಲಿ ಹಾಗೆಂದರೆ
ಸಾಕು, ಹೊಟ್ಟೆ ತುಂಬಿತು, ಇನ್ನು ಬಡಿಸಬೇಡ.
ದೇವರಿಗೆ ಹೇಳಿದ್ದು ಅದು,
ಮಗುವಿಗಲ್ಲ.

ನಾನು ಅಂಗನವಾಡಿಯ ಸುಗನಿ.
ತಿಂಗಳಿಗೊಮ್ಮೆ ಮಕ್ಕಳನ್ನು ತಕ್ಕಡಿಗೆ ತೂಗಿಬಿಟ್ಟು
ಕಾರ್ಡಿನ ಮೇಲೆ ಚುಕ್ಕಿ ಇಡುವವಳು.
ಧಾಪುವಿನ ಚುಕ್ಕಿಗಳು ಎರಡು ವರ್ಷ
ಗೋಡೆಯಂಚು ಹಿಡಿದ ಇರುವೆಗಳ ಹಾಗೆ
ನೇರ ನಡೆದವು. ಮೇಲೆ ಹತ್ತಲಿಲ್ಲ.
ಬಿಗಿದ ಮಡಕೆಯಂಥ ಹೊಟ್ಟೆ,
ಖೇಜಡಿಯ ಕಡ್ಡಿಯಂಥ ಕಾಲು,
ಮೂಗು ಮುಚ್ಚಿಕೊಳ್ಳುವಂಥ ಭೇದಿ,
ಮಾತೆತ್ತಿದರೆ ಅಳು.
ಹಠಮಾರಿ ಎಂದರು. ಹುಳು ಎಂದರು.
ಹುಳುವಿನ ಗುಳಿಗೆ, ಕಬ್ಬಿಣದ ಸಿರಪ್ಪು,
ಕೊರಳಿಗೊಂದು ತಾಯತ.

ನಾನೇನು ಹೇಳಿದೆ ಎಂಬುದನ್ನೂ ಬರೆಯಬೇಕು,
ಅದಕ್ಕೇ ಬರೆಯುತ್ತಿದ್ದೇನೆ.
'ತೀಜಾ, ಇನ್ನೊಂದು ಫುಲಕಾ ಹೆಚ್ಚು ಹಾಕು,
ತುಪ್ಪ ಸವರಿ ಕೊಡು.'
ಗೋಧಿ ನುಚ್ಚಿನ ಪೊಟ್ಟಣ, ಲೆಕ್ಕಕ್ಕಿಂತ ಎರಡು ಜಾಸ್ತಿ,
ಸಹಿ ಹಾಕಿಸಿಕೊಳ್ಳದೆ ಕೊಟ್ಟೆ.
ಪುಣ್ಯ ಬಂತೆಂದುಕೊಂಡೆ.

ಕಾಲುವೆ ಬರುವ ಮೊದಲು ಈ ಮರಳಿನಲ್ಲಿ
ಗೋಧಿಯೆಂದರೆ ಮದುವೆ, ಅಳಿಯ, ತಹಶೀಲ್ದಾರ.
ಈಗ ಗೋಧಿಯೇ ಮನೆಯ ಮಾನ.
ಸಜ್ಜೆ ರೊಟ್ಟಿ ಕಟ್ಟಿ ತಂದವನನ್ನು ನೋಡಿ
ಶಾಲೆಯ ಮಕ್ಕಳು ನಗುತ್ತಾರೆ.

ತೀಜಾಗೆ ವಿಷಮಜ್ವರ ಬಂದ ಬೇಸಿಗೆ
ಧಾಪುವನ್ನು ಅಜ್ಜಿಯ ಮನೆಗೆ ಕಳಿಸಿದರು,
ಕಾಲುವೆ ಮುಟ್ಟದ ಮರಳು ದಿಬ್ಬದ ಆಚೆಗೆ.
ಮೂರು ತಿಂಗಳ ಮೇಲೆ ತಿರುಗಿ ಬಂದಳು.
ತಕ್ಕಡಿ ಕೆಟ್ಟಿದೆ ಎಂದುಕೊಂಡೆ.
ಅಂಗಡಿಯಿಂದ ಉಪ್ಪಿನ ಪೊಟ್ಟಣ ತಂದು ತೂಗಿದೆ,
ಸರಿಯಾಗಿ ಒಂದು ಕಿಲೋ.
ಮತ್ತೆ ಧಾಪುವನ್ನು ತೂಗಿದೆ.
ಮುಂಗೈಯಿಂದ ಜಾರುತ್ತಿದ್ದ ಬಳೆ
ಜಾರಲಿಲ್ಲ.

ಎರಡು ತಿಂಗಳಿಗೆ ಆ ಬಳೆ ಮತ್ತೆ ಸಡಿಲಾಯಿತು.

ಅಜ್ಜಿಗೆ ಫೋನು ಹಚ್ಚಿ ಕೇಳಿದೆ, 'ಏನು ತಿನ್ನಿಸಿದಿರಿ?'
ಬೈಯುತ್ತಿದ್ದೇನೆ ಎಂದುಕೊಂಡಳೋ ಏನೋ,
ದನಿ ಕುಗ್ಗಿಸಿದಳು:
'ತಪ್ಪಾಯ್ತು ಮಗಳೇ. ಇಲ್ಲೇನಿದೆ,
ಸಜ್ಜೆ ರೊಟ್ಟಿ, ಮಜ್ಜಿಗೆ, ಕಾಚರಿ ಚಟ್ನಿ.
ಗೋಧಿ ಎಲ್ಲಿಂದ ತರಲಿ?'

ಬಿಕಾನೇರಿನ ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರು
ನನ್ನ ಕಾರ್ಡನ್ನು ಬಹಳ ಹೊತ್ತು ನೋಡಿ,
ಅಜ್ಜಿಯ ಮಾತನ್ನು ಎರಡು ಸಲ ಹೇಳಿಸಿಕೊಂಡು,
'ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಿಸಬೇಡಿ,
ಬಿಡಿಸಿದರೆ ರಕ್ತ ಸುಳ್ಳು ಹೇಳಬಹುದು' ಎಂದರು.
ಅಷ್ಟೂ ದಿನ ತೀಜಾ ಗೊತ್ತಿದ್ದೂ ಬಡಿಸಿದಳು.
ರೊಟ್ಟಿ ಮುರಿದು ಮಗಳ ಬಾಯಿಗಿಡುವಾಗ
ಒಲೆಯ ಕಡೆ ನೋಡುತ್ತಿದ್ದಳು.

ರಕ್ತ ನಿಜ ಹೇಳಿತು.
ಆಮೇಲೆ ಬಾಯಿಂದ ಒಂದು ಕೊಳವೆ ಇಳಿಸಿ
ಕರುಳಿನ ಚಿವುಟು ತೆಗೆದರು.
ಸೀಲಿಯಾಕ್ ಎಂದರು. ತೀಜಾಗೆ ಆ ಹೆಸರು ನಿಲ್ಲಲಿಲ್ಲ.
ಉಣ್ಣೆ ಹಿಂಜುವ ಮನೆಯವಳು ಎಂದು ತಿಳಿದು
ಡಾಕ್ಟರು ಮತ್ತೆ ಹೇಳಿದರು:
ಕರುಳಿನೊಳಗೆ ಜಮಖಾನೆಯ ಜುಂಗಿನಂತೆ ಇರಬೇಕು,
ಅನ್ನ ಅದಕ್ಕೆ ಹತ್ತಿಕೊಳ್ಳಬೇಕು.
ಇವಳದು ಸವೆದು ನೂಲು ಕಾಣುತ್ತಿದೆ.
ಗೋಧಿ ಬಿಟ್ಟರೆ ಮತ್ತೆ ಬರುತ್ತದೆ. ಜನ್ಮಪೂರ್ತಿ ಬಿಡಬೇಕು.
ತೀಜಾ ಸೆರಗಿನ ಅಂಚನ್ನು
ಬೆರಳಲ್ಲಿ ಉಜ್ಜಿ ನೋಡಿಕೊಂಡಳು.

ಈಗ ಆ ಮನೆಯಲ್ಲಿ ಎರಡು ಹೆಂಚು.
ಗಿರಣಿಯವನು ಜಗಳಾಡಿ ಜಗಳಾಡಿ ಸೋತ ಮೇಲೆ
ಧಾಪುವಿನ ಸಜ್ಜೆಯನ್ನು ಅಜ್ಜಿಯೇ
ಬೀಸುಕಲ್ಲಿನಲ್ಲಿ ಬೀಸಿ ಕಳಿಸುತ್ತಾಳೆ, ಬಸ್ಸಿನ ಕಂಡಕ್ಟರನ ಕೈಲಿ.
ಮದುವೆಮನೆಯಲ್ಲಿ ಒಂದು ಬಾಲೂಷಾಹಿ ಕದ್ದು ತಿಂದು
ಎರಡು ದಿನ ನರಳಿದಳು, ಅದೂ ಉಂಟು.
ಮೊನ್ನೆ ಮೊದಲ ಸಲ ತಟ್ಟೆಗೆ ಕೈ ಅಡ್ಡ ಹಿಡಿದು
ಸಾಕು ಅಂದಳಂತೆ. 'ಧಾಪ್‌ಗಿ.'
ತೀಜಾ ಹೇಳುತ್ತ ನಕ್ಕಳು, ಆಮೇಲೆ ನಗಲಿಲ್ಲ.

ಬಾಗಿಲಲ್ಲಿ ಅವಳ ಹಿರಿಯ ಮಗಳು ಝಮ್ಕು ನಿಂತಿದ್ದಳು.
ಹದಿನೈದು ತುಂಬಿದೆ, ನೋಡಿದರೆ ಹತ್ತು.
ಇನ್ನೂ ಮುಟ್ಟಾಗಿಲ್ಲ.
ಕೆಂಪು ಚುಕ್ಕಿ ಎಂದೂ ಬೀಳಲಿಲ್ಲವೆಂದು
ನಾನು ಅವಳನ್ನು ಎಂದೂ ನೋಡಿರಲಿಲ್ಲ.
'ಇಲ್ಲಿ ಬಾ' ಅಂದೆ.
ಗೋಡೆಗೆ ಒರಗಿ ನಿಂತಳು,
ಹಿಮ್ಮಡಿ ಎತ್ತಿ, ಕದ್ದು.