ಗಂಟೆ ಮೊದಲು

ಒಂಬತ್ತನೇ ಅಧ್ಯಾಯದಲ್ಲಿ ನನ್ನ ಹಡಗು
ಬೆಳಕನ್ನು ಹಿಂದೆ ಹಾಕಿತು.
ಹಾಕದೆ ಬೇರೆ ದಾರಿಯಿರಲಿಲ್ಲ:
ನಾಲ್ಕು ಜ್ಯೋತಿರ್ವರ್ಷದಾಚೆ ಅವಳ ತಮ್ಮ,
ಅವನ ಗುಮ್ಮಟದಲ್ಲಿ ಗಾಳಿ ಇನ್ನು ಆರೇ ಗಂಟೆ,
ನನ್ನ ನೋಟ್‌ಬುಕ್ಕಿನಲ್ಲಿ ಇನ್ನು ಹನ್ನೊಂದೇ ಹಾಳೆ.

ಮಾರಿಕುಪ್ಪದ ಪೋಸ್ಟಾಫೀಸಿನಲ್ಲಿ ಹಗಲೆಲ್ಲ ಮೊಹರು ಒತ್ತಿ,
ಬೆರಳಿನ ಮಸಿ ತಿಕ್ಕಿ ತೊಳೆದು
ಸಂಜೆ ಬರೆಯುತ್ತೇನೆ.
ಬರೆದದ್ದನ್ನು ಇನ್ನಾಸಿಯವರಿಗೆ ಓದುತ್ತೇನೆ.
ಪಕ್ಕದ ಲೈನಿನ ಮನೆ, ತಗಡಿನ ಸೂರು.
ಕನ್ನಡ ಆಡುತ್ತಾರೆ, ಓದಲು ಬಾರದು.
ಇಪ್ಪತ್ತೆಂಟು ವರ್ಷ ವೈಂಡಿಂಗ್ ಎಂಜಿನ್ನಿನ ಮುಂದೆ ಕೂತು
ಗಣಿಯ ಕೇಜನ್ನು ಇಳಿಸಿದವರು, ಎತ್ತಿದವರು,
ಇಳಿದವರ ಮುಖ ಒಂದನ್ನೂ ಕಾಣದೆ.
ಕಣ್ಣಿಗೆ ಡಯಲಿನ ಮುಳ್ಳು, ಕಿವಿಗೆ ಗಂಟೆ.
ಅಷ್ಟೇ.

ವೇಗದ ಬಗ್ಗೆ ಅವರದೇನೂ ತಕರಾರಿಲ್ಲ.
"ಹೋಗ್ಲಿ ಬಿಡಮ್ಮಾ, ನಿನ್ ಹಡಗು, ನಿನ್ ಡೀಸೆಲ್ಲು."
ಬೀಡಿ ಆರಿತ್ತು. ಕಿಟಕಿಯಾಚೆ ಸೈನೈಡ್ ದಿಬ್ಬ
ಒಂದು ಬೂದಿಯಿಂದ ಇನ್ನೊಂದು ಬೂದಿಗೆ ತಿರುಗುತ್ತಿತ್ತು.
"ಆ ಕಾಗದದ ಕಡೆ ಇನ್ನೊಂದ್ಸಲ ಓದು."

ಓದಿದೆ. ಅವಳು ಬರೆಯುವ ಮುನ್ನಾದಿನವೇ
ತಮ್ಮನ ಕೈಸೇರುವ ಕಾಗದ:
ಬಾಗಿಲು ತೆರೆಯಬೇಡ, ಹೊರಗೆ ಬಿರುಕಿದೆ.

ಬೆಳಕನ್ನು ದಾಟಿದವರಿಗೆ ನಿನ್ನೆಗೂ ದಾರಿಯುಂಟು,
ಲೆಕ್ಕವೇ ಹಾಗೆ ಹೇಳುತ್ತದೆ, ಎಂದೆ.
ಗೀಟು ಎಳೆದು ತೋರಿಸಿದೆ, ಅಡ್ಡ ಗೀಟು, ಓರೆ ಗೀಟು.
ಗೀಟುಗಳನ್ನು ಸಮಾಧಾನವಾಗಿ ನೋಡಿದರು.
"ಸರಿ. ಹಂಗಾದ್ರೆ ಮೊದಲ್ನೇ ಪಾಠದಲ್ಲಿ
ಅವಳಪ್ಪ ಸತ್ತಾಗ
ಯಾಕ್ ಹಾಕ್ಲಿಲ್ಲ ಕಾಗದ?"

ನನ್ನಲ್ಲಿ ಉತ್ತರವಿರಲಿಲ್ಲ.
ಅಂಚೆಯವಳಾಗಿ ಅದನ್ನು ನಾನು ಯೋಚಿಸಬೇಕಿತ್ತು.

"ಒಂದು ಹೊಡೆದ್ರೆ ನಿಲ್ಲು," ಅಂದರು, ಲೋಟವನ್ನು ಚಮಚದಿಂದ ತಟ್ಟಿ.
"ಎರಡು, ಇಳಿಸು. ಮೂರು ಅಂದ್ರೆ ಮನುಷ್ಯರು.
ಮೂರಕ್ಕೆ ನಾನು ಮೂರು ವಾಪಸ್ ಹೊಡೀಬೇಕು.
ಅದು ಕೆಳಗೆ ಕೇಳಿದ್ಮೇಲೇ ಕೇಜಿಗೆ ಕಾಲು.
ಇಷ್ಟೇ ಕಾನೂನು. ದೊರೆಗೂ ಇದೇ, ಕೂಲಿಗೂ ಇದೇ."

ಚಮಚ ಲೋಟದೊಳಗೆ ಇಟ್ಟರು.

"ಒಂದು ರಾತ್ರಿ ಪಾಳಿ.
ಬೆಲ್ಲು ನಂಗೆ ಮೊದ್ಲೇ ಕೇಳಿಸ್ತು.
ಕೆಳಗೆ ಇನ್ನೂ ಯಾರೂ ಹೊಡ್ದಿರ್ಲಿಲ್ಲ.
ದಿನಾ ಅದೇ ಹೊತ್ತು, ಅದೇ ಮೂರು, ಕೈಗೆ ಅಭ್ಯಾಸ ಆಗಿ
ಲಿವರು ತಾನೇ ಹೋಯ್ತು.
ಲೂರ್ದುದು ಒಂದು ಕಾಲು ಒಳಗೆ, ಒಂದು ಕಾಲು ನೆಲದ ಮೇಲೆ.
ನನ್ ಹೆಂಡ್ತಿ ತಮ್ಮ."

ಕೊನೆಯ ರೈಲು ಬಂಗಾರಪೇಟೆಗೆ ಹೊರಟಿತು.
ಅದು ಪೂರ್ತಿ ಸದ್ದಿಲ್ಲದಾಗುವವರೆಗೆ ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ನಾನು, ಮೂರ್ಖಿ, ಪೆನ್ನಿನ ಮುಚ್ಚಳ ತೆಗೆದೆ:
ಕಾಗದ ಇರಲಿ ಬಿಡಿ. ತಮ್ಮನಿಗೆ ಲೂರ್ದು ಅಂತಲೇ ಹೆಸರಿಡುತ್ತೇನೆ.
ಪುಸ್ತಕದಲ್ಲಾದರೂ.

"ಬೇಡ."
ಸಿಟ್ಟಿರಲಿಲ್ಲ ದನಿಯಲ್ಲಿ.
"ಕಾಗದ ತಲುಪ್ತು, ಲೂರ್ದು ಬದುಕ್ದ ಅಂತಿಟ್ಕೋ.
ಆಗ ಈ ಕತೆ ನಿಂಗೆ ಹೇಳಿದ್ದು ಯಾರು?
ಇಲ್ಲಿ ಕೂತಿರೋ ನಾನು ಯಾರು?"

ಕಾಗದದ ಹಾಳೆಯನ್ನು ಹರಿದೆ.
ಹರಿದ ಕಡೆ ಹೊಲಿಗೆ ಸಡಿಲವಾಗಿ
ಇನ್ನೊಂದು ಹಾಳೆಯೂ ಕಿತ್ತು ಬಂತು, ಅದು ಚೆನ್ನಾಗಿದ್ದ ಹಾಳೆ.
ಹಡಗು ಹೋಗಲಿ, ಎಷ್ಟು ಬೇಗ ಬೇಕೋ ಅಷ್ಟು ಬೇಗ.
ಸುದ್ದಿ ಅದರ ಜೊತೆಗೇ ಹೋಗಬೇಕು, ಅಂಚೆ ಚೀಲದ ಹಾಗೆ,
ಅವಳು ಬಾಗಿಲು ತಟ್ಟುವಷ್ಟರಲ್ಲಿ
ತಮ್ಮ ಬಾಗಿಲು ತೆರೆದಿರುತ್ತಾನೆ. ಇಲ್ಲವೇ ತೆರೆದಿರುವುದಿಲ್ಲ.
ಅದು ನನಗಿನ್ನೂ ಗೊತ್ತಿಲ್ಲ.

ಹೊರಡುವಾಗ ಮೆಟ್ಟಿಲ ಮೇಲೆ ತಡೆದು ಕೇಳಿದರು:
"ಅಷ್ಟು ಆಳದಲ್ಲಿ, ಜನ ಹತ್ತಿದ್ರೆ
ಉಕ್ಕಿನ ಹಗ್ಗ ಕೂಡ ಹಿಗ್ಗುತ್ತೆ, ಗೊತ್ತಾ?
ಕೇಜು ಮೊಣಕಾಲುದ್ದ ಕೆಳಗಿಳೀತದೆ, ನಾನು ಏನೂ ಮಾಡ್ದೆನೇ.
ಅದನ್ನೂ ಲೆಕ್ಕಕ್ಕೆ ಹಿಡೀಬೇಕಿತ್ತು ನಾವು.
ನಿನ್ ಹಡಗಲ್ಲಿ
ಜನ ಹತ್ತಿದ್ರೆ
ಏನಮ್ಮಾ ಹಿಗ್ಗುತ್ತೆ?"