ಷರಾ

ದಫ್ತರದಲ್ಲಿ ಅವನಿಗೆ ಹೆಸರಿಲ್ಲ.
ಮಾರ್ಕರ್, ಅಷ್ಟೇ.

ಫಸಲಿ ಸಾವಿರದ ಮುನ್ನೂರ ನಲವತ್ತಾರು, ಬಹಮನ್ ತಿಂಗಳು:
ಮಾರ್ಕರನ ಪಗಾರ, ಹಾಲಿ ಸಿಕ್ಕಾ ಹನ್ನೊಂದು.
ಮಾರ್ಕರನಿಗೆ ಕ್ಯಾನ್ವಾಸ್ ಬೂಟು, ಜೊತೆ ಒಂದು.
ಮಾರ್ಕರನಿಗೆ ದಂಡ, ಎಂಟಾಣೆ.
ಷರಾ: ಸಾಹೇಬರೆದುರು ಜೋರಾಗಿ ಹೊಡೆದದ್ದಕ್ಕೆ.

ನನಗೆ ಉರ್ದು ಬಾರದು.
ರೋಜಾದ ಕಮರುನ್ನಿಸಾ ಟೀಚರು ಕನ್ನಡಕ ಮೂಗಿನ ತುದಿಗಿಳಿಸಿ
ಬಲದಿಂದ ಎಡಕ್ಕೆ ಓದುತ್ತಾರೆ,
ನಾನು ಎಡದಿಂದ ಬಲಕ್ಕೆ ಬರೆದುಕೊಳ್ಳುತ್ತೇನೆ;
ನಡುವೆ ನೆಟ್ಟು ಕಟ್ಟಿದಂತೆ
ಮಾತು ಆಚೆ ಹೋಗಿ ಈಚೆ ಬರುತ್ತದೆ.
ದಂಡದ ಸಾಲಿಗೆ ಟೀಚರು ನಕ್ಕರು.
ಪುಟ ತಿರುವಿದ ಮೇಲೆ ನಗಲಿಲ್ಲ.
ಮುಂದಿನ ತಿಂಗಳೂ ಎಂಟಾಣೆ. ಅದರ ಮುಂದಿನದೂ.

ಸೋಲುವುದೇ ಅವನ ನೌಕರಿ.
ತಾಲೂಕಿನಿಂದ ಬಂದ ದಪ್ಪ ಸಾಹೇಬರ ಬ್ಯಾಟಿಗೆ
ಚೆಂಡನ್ನು, ಕೂಸಿನ ಬಾಯಿಗೆ ತುತ್ತಿಟ್ಟ ಹಾಗೆ, ಇಡುವುದು;
ಆರು-ನಾಲ್ಕಕ್ಕೆ ಸೋಲಬೇಕು, ಆರು-ಸೊನ್ನೆಗಲ್ಲ,
ಸಾಹೇಬರಿಗೆ ಅನುಮಾನ ಬರಬಾರದು.

ಆ ವರ್ಷ ಒಮ್ಮೆ ಮಾತ್ರ, ಯಾರಿಗೆ ಹೊಳೆಯಿತೋ,
ಮಾರ್ಕರರದೇ ಒಂದು ಚಾಂಪಿಯನ್‌ಶಿಪ್ಪು, ಪಗಾರದವರಿಗಷ್ಟೇ.
ಎಂಟು ಮಂದಿಯ ಪಟ್ಟಿ, ಎಂಟೂ ಊರ ಹೆಸರು.
ರಾಯಚೂರು ವಾರಂಗಲ್ಲನ್ನು ಸೋಲಿಸಿತು.
ಬೀದರಿಗೆ ಜ್ವರ, ಬರಲಿಲ್ಲ.
ಔರಂಗಾಬಾದು ಬರಿಗಾಲಲ್ಲಿ ಆಡಿತು.
ಕೊನೆಯ ಆಟ, ಗುಲ್ಬರ್ಗಾ ಮತ್ತು ಔರಂಗಾಬಾದು:
ಆರು-ನಾಲ್ಕು, ಮೂರು-ಆರು, ಏಳು-ಐದು,
ಆಮೇಲೆ ಗೆದ್ದಲು.

ನಾಲ್ಕನೆಯ ಸೆಟ್ಟು ತಿಂದು
ಹಾಳೆಯ ಮೇಲೆ ಮಣ್ಣಿನ ಗೆರೆ ಎಳೆದು ಹೋಗಿದೆ,
ಅಂಗಳಕ್ಕೆ ಸುಣ್ಣ ಎಳೆದಷ್ಟೇ ನೇರ.

ಆ ಅಂಗಳದಲ್ಲಿ ಈಗ ಶಹಾಬಾದ್ ಕಲ್ಲಿನ ಹಾಸು, ಕಾರುಗಳು.
ಟೇಪು ಹಿಡಿದು ಬಗ್ಗಿದವನನ್ನು ಕಾವಲಿನವ ಕೇಳಿದ,
ನಿಮ್ಮ ಗಾಡಿ ಯಾವುದ್ರೀ?
ಕಲ್ಲಿನ ಸಂದಿಯಲ್ಲಿ ನೆಟ್ಟಿನ ಕಬ್ಬಿಣದ ಕೊಂಡಿ, ಇನ್ನೂ.

ಗುರುತು ಸಿಕ್ಕಿದ್ದು ಒಂದು ಚೀಟಿಯಲ್ಲಿ:
ಬ್ಯಾಟಿಗೆ ಕರುಳ ತಂತಿ, ಮಾರ್ಕರನ ಮನೆಯಿಂದಲೇ.
ಕರುಳ ತಂತಿ ಯಾರ ಮನೆಯಲ್ಲಿರುತ್ತದೆ?
ಹತ್ತಿ ಹಿಂಜುವವರಲ್ಲಿ.
ಪಿಂಜಾರರ ಬಾಗಿಲು ತಟ್ಟುತ್ತ ತಟ್ಟುತ್ತ
ಹುಮನಾಬಾದು ದಾಟಿ ಬೀದರು, ಒಂದು ಓಣಿ,
ಎಂಬತ್ತಾರರ ಮೌಲಾಬಿ.

"ಅಪ್ಪ ಆಡ್ತಿದ್ದಿಲ್ರಿ, ಆಡಸ್ತಿದ್ದ.
ಬ್ಯಾಟು ಕಿವಿಗಿ ಹಚ್ಚಿ ಬಾರಸ್ತಿದ್ದ, ಹತ್ತಿ ಬಿಲ್ಲು ಬಾರಿಸಿದಾಂಗ.
ಟುಂಯ್ ಅಂದ್ರ ಖರೆ. ಟಪ್ ಅಂದ್ರ ಬಿಚ್ಚು, ಮತ್ತ ಬಿಗಿ."

ಪೆಟ್ಟಿಗೆಯಿಂದ ಒಂದು ಬಿದರಿ ಕಪ್ಪು ತೆಗೆದಳು.
ಕರ್ರಗೆ, ಭಾರ. ಅಕ್ಷರಗಳ ಬೆಳ್ಳಿ ಇಲ್ಲ, ತೋಡು ಮಾತ್ರ.
"ನನ್ನ ಪೈಜಣಕ್ಕ ಹೋತ್ರಿ, ಮದಿವ್ಯಾಗ."
ಹಾಳೆ ಹೊದಿಸಿ ಪೆನ್ಸಿಲ್ ಉಜ್ಜಿದೆ.
ಬೆಳ್ಳಿ ಇದ್ದ ಕಡೆ ಬಿಳಿ ಉಳಿಯಿತು.

ಟೀಚರು ಓದಿದರು, ಈ ಸಲ ಮೆಲ್ಲಗೆ:
ಮಶಾಕ, ವಲ್ದ್ ಲಾಲಸಾಬ, ಪಿಂಜಾರ.
ಮತ್ತೇನಿಲ್ಲ. ಮೊದಲನೆಯವನೋ ಎರಡನೆಯವನೋ
ಕಪ್ಪು ಹೇಳುವುದಿಲ್ಲ.

"ಗೆದ್ದ ಅಂತ ಬರದಬಿಡ್ರಿ," ಮೌಲಾಬಿ ಅಂದಿದ್ದಳು,
ಚಹದ ಬಸಿ ನನ್ನ ಕಡೆ ಸರಿಸುತ್ತ,
"ಯಾರ್ ಕೇಳ್ತಾರ ಈಗ?"

ಹೆಸರಿನ ಮನೆಯಲ್ಲಿ ಹೆಸರು ಬರೆದೆ.
ಫಲಿತಾಂಶದ ಮನೆಯಲ್ಲಿ ಗೆದ್ದ ಎಂದು ಬರೆದೆ.
ರಾತ್ರಿಯಿಡೀ ಅದು ಹಾಗೇ ಇತ್ತು.
ಬೆಳಿಗ್ಗೆ ಅದರ ಮುಂದೆ
ಒಂದಕ್ಷರ ಸೇರಿಸಿದೆ, ಲು.

ಷರಾ: ಜೋರಾಗಿ ಹೊಡೆಯುತ್ತಿದ್ದ.
ದಂಡ ಕಟ್ಟಿದ ರಸೀದಿ ಸಿಕ್ಕಿಲ್ಲ.