ಮುಚ್ಚಳ

ಲಿಂಗರಾಜಪುರದ ಫ್ಲೈಓವರ್ ಕೆಳಗೆ
ಡೆನ್ಜಿಲನ ಸ್ಕೂಟರ್ ಡಿಕ್ಕಿಯಿಂದ
ಇನ್ನೂರು ರೂಪಾಯಿಗೆ ಕೊಂಡೆ ಆ ಸೀಡಿ.
ಬ್ಯಾಂಡಿನ ಹೆಸರು ತುಕ್ಕು. ಆಲ್ಬಮ್ಮಿನ ಹೆಸರು ಮುಚ್ಚಳ.
ಕವರಿನ ಮೇಲೆ ದುಂಡನೆಯ ಕಬ್ಬಿಣ,
ಕೊಕ್ಕೆ ಹಾಕಲು ಎರಡು ತೂತು.
ಕಣ್ಣಿದ್ದ ಹಾಗಿದೆ ಅಂದ ಮುಜಮ್ಮಿಲ್.
ನಾನು ಏನೂ ಅನ್ನಲಿಲ್ಲ. ಅಂಥದೇ ಕೊಕ್ಕೆ
ನನ್ನ ಬೈಕಿಗೆ ಕಟ್ಟಿತ್ತು.

ನಾನು ನೀರಿನ ಮೀಟರು ಓದುವವನು, ಗುತ್ತಿಗೆ ಮೇಲೆ.
ದಿನಕ್ಕೆ ನೂರಿಪ್ಪತ್ತು ಮನೆ, ನೂರಿಪ್ಪತ್ತು ಸಣ್ಣ ಮುಚ್ಚಳ,
ಒಳಗೆ ಜಿರಲೆ, ಕಪ್ಪೆ, ಒಮ್ಮೆ ಯಾರದೋ ಮೂಗುತಿ.
ಕೊರಳಲ್ಲಿ ಇಲಾಖೆಯ ಲಾಂಛನ.
ಉದ್ದ ಕೂದಲು ಕಾಲರಿನೊಳಗೆ.

ಅಲ್ಲಿಯವರೆಗೆ ನಾವು ಬೇರೆಯವರ ಯುದ್ಧಗಳಿಗೆ ತಲೆ ಕೊಡವಿದವರು,
ನೋಡದ ಊರಿನ ಅಣುಬಾಂಬಿಗೆ, ನಂಬದ ದೆವ್ವಕ್ಕೆ
ಕುತ್ತಿಗೆ ಉಳುಕಿಸಿಕೊಂಡು
ಸೋಮವಾರ ಮುಲಾಮು ಹಚ್ಚಿಕೊಂಡವರು.
ಅರ್ಪುದರಾಜ್ ಮೊದಲ ಹಾಡಿನಲ್ಲೇ ಗಂಟಲು ಸೀಳಿ
ಕೆಳಗಿಳಿ ಅಂದ. ಕೆ-ಳ-ಗಿ-ಳಿ.
ನಮ್ಮ ಮನೆಯ ಳಕಾರಕ್ಕೆ ಇಷ್ಟು ಹಲ್ಲಿದೆ ಎಂದು
ಯಾವ ಮೇಷ್ಟ್ರೂ ಹೇಳಿರಲಿಲ್ಲ.
ಡ್ರಮ್ಮೋ, ನೀರಿನ ಟ್ಯಾಂಕಿನ ಮೇಲೆ ಬಿದ್ದ ಆಲಿಕಲ್ಲು.

ಬೇಸು ಕೇಳಿಸೋದೇ ಇಲ್ಲ, ಮಿಕ್ಸಿಂಗ್ ಕೆಟ್ಟಿದೆ
ಅಂತ ಡೆನ್ಜಿಲ್ ಈಗಲೂ ಗೊಣಗುತ್ತಾನೆ.
ಕೆಳಗೆ ಹೋದವನ ದನಿ ಯಾವತ್ತಾದರೂ ಕೇಳಿಸಿದೆಯಾ
ಅಂತ ಎಳಿಲರಸಿ ಮೇಲೆ ಬೀಳುತ್ತಾಳೆ.
ಹದಿನಾಲ್ಕು ವರ್ಷದಿಂದ ಇದೇ ಜಗಳ,
ಕಮ್ಮನಹಳ್ಳಿಯ ಅದೇ ಟೀ ಅಂಗಡಿ,
ದುಡ್ಡು ಕೊಡುವವನು ಮಾತ್ರ ನಾನು.

ಏಳನೆಯ ಹಾಡಿನ ಬಗ್ಗೆ ಹೇಳಬೇಕು.
ನಾಗಾಲೋಟದಲ್ಲಿದ್ದದ್ದೆಲ್ಲ ತಟ್ಟನೆ ನಿಲ್ಲುತ್ತದೆ.
ಹನ್ನೊಂದು ಸೆಕೆಂಡು. ಮೊದಲ ಸಲ
ಪ್ಲೇಯರ್ ಕೆಟ್ಟಿತೆಂದು ಅದರ ತಲೆಗೆ ಬಡಿದಿದ್ದೆ.
ಆಮೇಲೆ ಒಬ್ಬ ಹೆಂಗಸಿನ ದನಿ,
ರೇಷನ್ ಅಂಗಡಿಯಲ್ಲಿ ಲೆಕ್ಕ ಒಪ್ಪಿಸುವ ಹಾಗೆ:
"ಊಟದ ಡಬ್ಬಿ ಮೇಲೇ ಇತ್ತು. ಚಪ್ಪಲಿ ಮೇಲೇ ಇತ್ತು."
ಅಷ್ಟೆ. ಮತ್ತೆ ಡ್ರಮ್ಮು.

ಆ ಹುಡುಗನಿಗೆ ಹೊಟ್ಟೆನೋವಾ ಅಂತ ಕೇಳಿದ್ದಳು ಅಮ್ಮ.
ಹಾಡಿನ ಹಾಳೆ ಕೊಟ್ಟೆ.
ಸೊಪ್ಪು ಬಿಡಿಸುವುದನ್ನು ಬಿಟ್ಟು, ಕನ್ನಡಕ ಹುಡುಕಿ,
ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.
ಮಡಿಸಿ ವಾಪಸ್ಸು ಕೊಡುವಾಗ
"ಇನ್ನು ಹೆಂಗೆ ಹೇಳ್ತಾನೆ, ಪಾಪ.
ಬಾಗಿಲು ಹಾಕ್ಕೊಂಡು ಕೇಳು."

ಯಶವಂತಪುರದಾಚೆ, ಬೀಗ ಬಿದ್ದ ಬೋಲ್ಟ್ ಕಾರ್ಖಾನೆಯ ಶೆಡ್ಡಿನಲ್ಲಿ
ತುಕ್ಕಿನವರ ಕಛೇರಿ. ಮುನ್ನೂರು ಜನ, ಒಂದೇ ಫ್ಯಾನು.
ನಡುವೆ ಸುಳಿ ತಿರುಗುತ್ತದೆ, ಮೊಣಕೈ, ಬೂಟು, ಜಡೆ.
ದೂರ ನಿಂತವರು ಹೊಡೆದಾಟ ಅಂತಾರೆ.
ಒಳಗಿರುವುದು ಒಂದೇ ಕಾನೂನು:
ಬಿದ್ದವರನ್ನು ಎತ್ತಬೇಕು. ತಕ್ಷಣ. ಯಾರೆಂದು ಕೇಳದೆ.

ಏಳನೆಯ ಹಾಡಿಗೆ ನಾನು ಬಿದ್ದೆ.
ನೆಲದಿಂದ ನೋಡಿದರೆ ದುಂಡನೆಯ ಬೆಳಕು,
ಅಂಚಿನಲ್ಲಿ ತಲೆಗಳು.
ಕೈ ಬಂದವು. ಒಂದಕ್ಕೆ ಬಳೆ, ಒಂದಕ್ಕೆ ಗ್ರೀಸು.
ಎತ್ತಿ ನಿಲ್ಲಿಸಿ, ಬೆನ್ನು ತಟ್ಟಿ
ಮತ್ತೆ ಸುಳಿಗೇ ತಳ್ಳಿದವು.

ಆಗ ಬಂತು ಹನ್ನೊಂದು ಸೆಕೆಂಡು.
ಯಾರೂ ಕೆಮ್ಮಲಿಲ್ಲ.
ಯಾವನೋ ಒಬ್ಬ, ತಲೆಕೆಟ್ಟವನ ಹಾಗೆ,
ತನ್ನ ಚಪ್ಪಲಿ ಬಿಚ್ಚಿ ಎತ್ತಿ ಹಿಡಿದ.
ಆಮೇಲೆ ಎಲ್ಲರೂ. ಬೂಟು, ಕ್ಯಾನ್ವಾಸು, ಹವಾಯಿ.

ಮಾರನೆಯ ದಿನ, ಎಡಗಾಲಿಗೆ ಇನ್ಯಾರದೋ ಬೂಟು ಹಾಕಿಕೊಂಡು
ಕಾಕ್ಸ್ ಟೌನಿಗೆ ಹೋದೆ ಮೀಟರು ಓದಲು.
ಅಡ್ಡರಸ್ತೆಯಲ್ಲಿ ದೊಡ್ಡ ಮುಚ್ಚಳ ತೆರೆದಿತ್ತು.
ಪಕ್ಕದಲ್ಲಿ ಡಬ್ಬಿ. ಒಂದು ಜೊತೆ ಚಪ್ಪಲಿ.
ಬಗ್ಗಿ ಕೂಗಿದೆ. ಹೆಸರು ಗೊತ್ತಿಲ್ಲ, ಅಣ್ಣಾ ಅಂದೆ,
ರಾತ್ರಿಯಿಡೀ ಅರಚಿ ಒಡೆದ ಗಂಟಲಲ್ಲಿ.
ಕೆಳಗಿನಿಂದ, "ಯಾಕ್ರೀ ಹಂಗೆ ಬಡ್ಕೋತೀರಾ?"
ಮೇಲೆ ಬನ್ನಿ ಅಂದೆ.
"ಕೆಲಸ ಐತೆ."
ಗುಂಡಿಯ ಮೇಲೆ ನನ್ನ ಲಾಂಛನ ತೂಗುತ್ತಿತ್ತು.
ತೆಗೆದು ಜೇಬಿಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತೆ,
ಮಾತಾಡಿಸುತ್ತಾ, ಏನಾದರೊಂದು ಕೇಳುತ್ತಾ.
ತೊಂಬತ್ತೊಂದು ಮನೆ ಆ ದಿನ ಬಾಕಿ.